ವೇಷವೂ ವ್ಯಕ್ತಿಯೂ

ಭಾವಚಿತ್ರ ಬರೆಸಿಕೊಳ್ಳುವ ಹೆಂಗಸು ಯಾವ ಉಡುಪು ಉಡಬೇಕು? ಮೇಲುನೋಟಕ್ಕೆ ಇದು ದರ್ಜಿಗೆ ಬಿಡಬೇಕಾದ ಪ್ರಶ್ನೆ. ಆದರೆ ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಅದು ಕಲಾಮೀಮಾಂಸೆಯ ಪ್ರಶ್ನೆಯೇ ಆಗಿದ್ದಿತು.

ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷನಾದ ಜೋಶುವಾ ರೆನಾಲ್ಡ್ಸ್ 1776ರ ಉಪನ್ಯಾಸವೊಂದರಲ್ಲಿ ತನ್ನ ನಿಲುವನ್ನು ವಿವರಿಸಿದನು: ನಿತ್ಯವೂ ಕಣ್ಣಿಗೆ ಬೀಳುವ ಉಡುಪಿನಿಂದ ಚಿತ್ರದ ಘನತೆಗೆ ಕುಂದು, ಪ್ರಾಚೀನರ ಉಡುಪಿನ ಛಾಯೆಯಿದ್ದರೆ ಅದಕ್ಕೆ ಗಾಂಭೀರ್ಯ ಬರುತ್ತದೆ.

ಅವನ ಕುಂಚ ಈ ತತ್ತ್ವವನ್ನು ಅದಕ್ಕೂ ಮೊದಲೇ ಅನುಸರಿಸಿದ್ದಿತು. 1765ರಲ್ಲಿ ಪ್ರದರ್ಶಿತವಾಗಿ, ಈಗ ಷಿಕಾಗೊ ನಗರದ ಕಲಾಸಂಗ್ರಹಾಲಯದಲ್ಲಿರುವ ಸುಮಾರು 8 ಅಡಿ ಎತ್ತರದ ಚಿತ್ರವನ್ನು ನೋಡಿ. ಲೇಡಿ ಸಾರಾ ಬನ್‌ಬರಿ ಇಳಿಬಿದ್ದ ನಿಲುವಂಗಿ ತೊಟ್ಟು, ಲಾವಣ್ಯದ ಮೂವರು ದೇವಿಯರ ವಿಗ್ರಹದ ಮುಂದೆ ತರ್ಪಣ ಬಿಡುತ್ತಿದ್ದಾಳೆ. ಎಂಥ ಪೂಜಾರಿಣಿ! ಆದರೆ ಆಕೆಯನ್ನು ಬಲ್ಲ ಲೇಖಕಿ ಹೆಸ್ಟರ್ ಥ್ರೇಲ್ ಹಾಸ್ಯ ಮಾಡಿದಳು: ಮುಖವೇನೋ ದಿವ್ಯವಾದದ್ದೇ, ಆದರೆ ಈಕೆ ದೇವಿಯರನ್ನು ಪೂಜಿಸಿದವಳಲ್ಲ, ಬ್ರೈಟನ್ನಿನಲ್ಲಿ ಕ್ರಿಕೆಟ್ ಆಡಿದವಳು! 1769ರಲ್ಲಿ ಅವಳು ಗಂಡನ ಮನೆ ತೊರೆದಳು. ರೆನಾಲ್ಡ್ಸ್ ಆ ಉಪನ್ಯಾಸ ಕೊಟ್ಟ 1776ರಲ್ಲಿಯೇ ವಿಚ್ಛೇದನವಾಯಿತು. ಮುಂದೆ ಮರುಮದುವೆಯಾಗಿ ಮಕ್ಕಳ ತಾಯಿಯಾದಳು. 1843ರಲ್ಲಿ ಸಿಂಧ್ ಪ್ರಾಂತವನ್ನು ಗೆದ್ದ ಚಾರ್ಲ್ಸ್ ನೇಪಿಯರ್ ಅವರಲ್ಲೊಬ್ಬನು. ಇಂಥ ಬಾಳನ್ನು ಬಾಳಿದ ಗಟ್ಟಿಗಿತ್ತಿಯ ಸುಳಿವು ಆ ನಿಲುವಂಗಿಯ ನಿರಿಗೆಗಳಲ್ಲಿ ಎಲ್ಲಿದೆ?

ಪ್ರತಿವಾದಿ ಥಾಮಸ್ ಗೇನ್ಸ್‌ಬರೊ. ಭಾವಚಿತ್ರಕ್ಕೆ ಹೋಲಿಕೆಯೇ ಪ್ರಾಣ, ಕಲ್ಪಿತ ವೇಷದಿಂದ ಅದಕ್ಕೇ ಹಾನಿ ಎಂದು ಅವನು 1771ರಲ್ಲಿ ಲಾರ್ಡ್ ಡಾರ್ಟ್‌ಮತ್‌ನಿಗೆ ಪತ್ರ ಬರೆದನು. ಸಾರಾ ಸಿಡನ್ಸ್ ಎಂಬ ಖ್ಯಾತ ನಟಿಯನ್ನು ರೆನಾಲ್ಡ್ಸ್ 1784ರಲ್ಲಿ ದುರಂತನಾಟಕದ ಅಧಿದೇವತೆಯಾಗಿ ಸಿಂಹಾಸನದ ಮೇಲೆ ಕೂರಿಸಿದನು. ಮರುವರ್ಷ ಗೇನ್ಸ್‌ಬರೊ ಅವಳನ್ನು ಅಂದಿನ ನೀಲಿಪಟ್ಟೆಯ ಉಡುಪಿನಲ್ಲಿ, ಗರಿ ಸಿಕ್ಕಿಸಿದ ಕರಿಯ ಟೋಪಿಯಲ್ಲಿ ಚಿತ್ರಿಸಿದನು. ವೇಷ ಹಾಕುವುದೇ ವೃತ್ತಿಯಾದವಳು ಇಲ್ಲಿ ವೇಷ ಕಳಚಿ ಕುಳಿತಿದ್ದಾಳೆ.

ಕಾಲವನ್ನು ಗೆಲ್ಲಹೊರಟ ನಿಲುವಂಗಿ ಇಂದು ಆ ಕಾಲದ ಅಭಿರುಚಿಯನ್ನೇ ಸಾರುತ್ತಿದೆ. ಕಾಲಕ್ಕೆ ಕಟ್ಟುಬಿದ್ದ ಟೋಪಿಯ ಕೆಳಗಿನ ಮುಖ ಮಾತ್ರ ಈಗಲೂ ಜೀವಂತವಾಗಿದೆ. ಹೆಣ್ಣನ್ನು ದೇವಿಯೆಂದು ಚಿತ್ರಿಸುವುದು ಗೌರವವೇ ಇರಬಹುದು. ಅವಳನ್ನು ಅವಳಾಗಿಯೇ ಕಾಣುವುದು ಅದಕ್ಕಿಂತ ಹಿರಿಯ ಗೌರವ.