ಕಲಿಕೆಯನ್ನು ಅಳೆಯುವವರು ಯಾರು?

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2013ರಲ್ಲಿ ಸಮುದಾಯ ಕಾಲೇಜು ಯೋಜನೆಯನ್ನು ತಂದಿತು. ದುಡಿಯುವವರ ಮಕ್ಕಳು ಕಸುಬು ಕಲಿತು ಕೆಲಸ ಹಿಡಿಯಲೆಂಬ ಉದ್ದೇಶ ಒಳ್ಳೆಯದೇ. ಆದರೆ ಕಲಿತದ್ದನ್ನು ಅಳೆಯುವವರು ಯಾರು? 1994ರಲ್ಲಿ ಹುಟ್ಟಿ ಬೆಂಗಳೂರಿನಲ್ಲೇ ನೆಲೆಸಿರುವ ನ್ಯಾಕ್ ಸಂಸ್ಥೆಯು ಕಾಲೇಜುಗಳಿಂದ ಕಲಿಕೆಯ ಫಲದ ಲೆಕ್ಕ ಕೇಳುತ್ತದೆ. ಕೇಳಬೇಕಾದದ್ದೇ. ಆದರೆ ಕಡತ ತುಂಬಿದ ಮಾತ್ರಕ್ಕೆ ಕೈ ಪಳಗೀತೆ?

ಜೀವನ್ ಬಿಮಾ ನಗರದ ನೆರೆಯ ವಿಮಾನ ಕಾರ್ಖಾನೆಯ ಕಾರ್ಮಿಕನನ್ನು ಕೇಳಿ: ಲೇತಿನ ಕೆಲಸವನ್ನು ಮೈಕ್ರೋಮೀಟರ್ ಹಿಡಿದು ಒಪ್ಪುತ್ತಾರೆ, ವರದಿ ಓದಿ ಅಲ್ಲ. ಅಂಗಡಿಕಾರನೂ ತಕ್ಕಡಿಯನ್ನೇ ನಂಬುತ್ತಾನೆ.

ಆದ್ದರಿಂದ ನಮ್ಮ ಒತ್ತಾಯವಿಷ್ಟೆ: ವಿದ್ಯಾರ್ಥಿಗೆ ಏನು ಬರಬೇಕೆಂದು ಮೊದಲೇ ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಲಿ. ಕೊನೆಗೆ ಮಾಡಿಸಿ ನೋಡಲಿ. ನೋಡುವವರಲ್ಲಿ ನುರಿತ ಕಾರ್ಮಿಕರೂ ಇರಲಿ. ಬಾರದಿದ್ದರೆ ವಿದ್ಯಾರ್ಥಿಯನ್ನು ದೂರದೆ ಪಾಠವನ್ನು ತಿದ್ದಲಿ. ಆಗ ಸರ್ಟಿಫಿಕೇಟಿಗೆ ಬೆಲೆ ಬಂದೀತು.