ಚರ್ಚಿನ ರಿಜಿಸ್ಟರು ಯಾರಪ್ಪನ ಆಸ್ತಿ?

ಹೆಂಡತಿ ಬದುಕಿರುವಾಗಲೇ ಇನ್ನೊಬ್ಬಳನ್ನು ಮದುವೆಯಾದವನಿಗೆ 7 ವರ್ಷದವರೆಗೆ ಜೈಲು ಎಂದು 1860ರ ದಂಡ ಸಂಹಿತೆಯ 494ನೇ ಕಲಂ ಹೇಳಿತು. 2024ರ ಜುಲೈಯಿಂದ ಜಾರಿಯಾದ ನ್ಯಾಯ ಸಂಹಿತೆಯ 82ನೇ ಕಲಮೂ ಅದನ್ನೇ ಹೇಳುತ್ತದೆ. ಹಾಗಾದರೆ ಬೆಳಗಾವಿ, ಖಾನಾಪುರದ ನಮ್ಮ ಕೇರಿಗಳಲ್ಲಿ ಮೊದಲ ಹೆಂಡತಿಯನ್ನು ತವರಿಗೆ ಅಟ್ಟಿ ಎದೆ ಸೆಟೆಸಿ ತಿರುಗುವವರು ಜೈಲಿನಲ್ಲಿ ಯಾಕಿಲ್ಲ? ಪುರಾವೆ ಇಲ್ಲ ಅಂತಾರ.

ಪುರಾವೆ ಅಂದ್ರ ಏನು? 1965ರಲ್ಲಿ ಮಹಾರಾಷ್ಟ್ರದ ಭಾವುರಾವ್ ಶಂಕರ್ ಲೋಖಂಡೆ ಪ್ರಕರಣದಲ್ಲಿ ಎರಡನೇ ಮದುವೆಯ ಶಾಸ್ತ್ರಗಳು ಸಾಬೀತಾಗಿಲ್ಲವೆಂದು ಸುಪ್ರೀಂ ಕೋರ್ಟು ಆರೋಪಿಯನ್ನು ಬಿಟ್ಟಿತು. 1971ರಲ್ಲಿ ಪ್ರಿಯಾ ಬಾಲಾ ಘೋಷ್ ಪ್ರಕರಣದಲ್ಲಿ, ಗಂಡ ಬಾಯಿಬಿಟ್ಟು ಒಪ್ಪಿಕೊಂಡರೂ ಅಷ್ಟೇ ಸಾಲದು ಎಂದಿತು. ಹೋಮ ತೋರಿಸು, ಸಪ್ತಪದಿ ತೋರಿಸು, ಇಲ್ಲವೇ ನಿಮ್ಮ ರೂಢಿ ಸಾಬೀತು ಮಾಡು! ನಮ್ಮ ಕೇರಿಯ ಮದುವೆಗೆ ಯಾವ ಭಟ್ಟ ಬಂದು ಸಪ್ತಪದಿ ತುಳಿಸಿದ್ದ?

ಆದರೆ ಚರ್ಚಿನಲ್ಲಿ ಮದುವೆಯಾದ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಒಂದು ಆಯುಧ ಐತಿ. ಲಂಡನ್ ಮಿಷನ್ ಬೆಳಗಾವಿಗೆ ಬಂದದ್ದು 1820ರಲ್ಲಿ. ಕ್ಯಾಥೊಲಿಕ್ ಧರ್ಮಪ್ರಾಂತ್ಯವಾದದ್ದು 1953ರಲ್ಲಿ. ಅಲ್ಲಿ ಹೆಬ್ಬೆಟ್ಟು ಒತ್ತಿದವಳ ಹೆಸರೂ ರಿಜಿಸ್ಟರಿನಲ್ಲಿ ಐತಿ. 1872ರ ಕ್ರೈಸ್ತ ವಿವಾಹ ಕಾಯ್ದೆಯ 79ನೇ ಕಲಂ ಪ್ರಕಾರ ಫೀ ಕಟ್ಟಿದವರಿಗೆ ಅದರ ನಕಲು ಕೊಡಲೇಬೇಕು. 80ನೇ ಕಲಂ ಪ್ರಕಾರ ಆ ದೃಢೀಕೃತ ನಕಲೇ ಮದುವೆಗೆ ಸಾಕ್ಷಿ. ಇದು ಫಾದರ್ ಕೊಡುವ ಭಿಕ್ಷೆಯಲ್ಲ, ಹಕ್ಕು. ಕ್ಯಾಥೊಲಿಕರಲ್ಲಿ ಮದುವೆಯ ವಿಷಯವನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಬರೆಯುವ ನಿಯಮವಿದೆ. ಮತ್ತೆ 'ನಮಗ ಗೊತ್ತಿಲ್ಲ' ಅಂತ ಪಾದ್ರಿಗಳು ಹೇಗೆ ಹೇಳ್ತಾರ? 'ಚರ್ಚೇ ನನ್ನ ಮದುವೆ ರದ್ದು ಮಾಡಿತು' ಎನ್ನುವವನಿಗೂ ಉತ್ತರವಿದೆ: ಕೋರ್ಟು ಬಿಡಿಸದೆ ಮದುವೆ ಮುರಿಯುವುದಿಲ್ಲ ಎಂದು 1996ರ ಮಾಲಿ ಜೋಸೆಫ್ ತೀರ್ಪು ಹೇಳಿದೆ.

ಇಷ್ಟಿದ್ದರೂ ಆಕೆಯನ್ನು ತಡೆಯುವವರು ಯಾರು? ನಮ್ಮ ಮನೆಯ ಗಂಡಸರೇ. "ಅಕ್ಕಾ, ಚರ್ಚಿನ ಕಾಗದ ಹೊರಗ ತರಬ್ಯಾಡ, ನಮ್ಮ ಎಸ್‌ಸಿ ಸರ್ಟಿಫಿಕೇಟು ಹೋಗತೈತಿ!" ಈ ಭಯ ಸುಳ್ಳಲ್ಲ. 1950ರ ಆದೇಶ ಕ್ರೈಸ್ತ ದಲಿತರನ್ನು ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ಇಂದಿಗೂ ಇಲ್ಲ. 2024ರ ನವೆಂಬರಿನಲ್ಲಿ ಸೆಲ್ವರಾಣಿ ಪ್ರಕರಣದಲ್ಲಿ ಜ್ಞಾನಸ್ನಾನದ ದಾಖಲೆಯೇ ಒಬ್ಬ ಹೆಣ್ಣುಮಗಳಿಗೆ ಮುಳುವಾಯಿತು. ಸರ್ಕಾರಕ್ಕೆ ಬೇಕಾದಾಗ ಚರ್ಚಿನ ಪುಸ್ತಕ ಪಕ್ಕಾ ಪುರಾವೆ. ನಮ್ಮಕ್ಕನಿಗೆ ಬೇಕಾದಾಗ ಅದು ಮುಚ್ಚಿಡಬೇಕಾದ ಗುಟ್ಟು! ಮತಾಂತರವಾದರೆ ಕೇರಿ ಬದಲಾಯಿತೆ? ಬಾವಿ ಬದಲಾಯಿತೆ? ಆ ಅನ್ಯಾಯದ ವಿರುದ್ಧ ಬೀದಿಗಿಳಿಯೋಣ. ಅದರ ಬೆಲೆಯನ್ನು ಅಕ್ಕನ ಬಾಳಿನಿಂದ ಕಟ್ಟಿಸುವುದು ಬೇಡ.

ಹಾಸ್ಟೆಲಿನ ಗೆಳೆಯರೆ, ರಿಜಿಸ್ಟರಿನ ನಕಲು ಮೊದಲ ಮದುವೆಯನ್ನು ಗಟ್ಟಿ ಮಾಡುತ್ತದೆ, ಎರಡನೆಯದನ್ನೂ ಸಾಬೀತು ಮಾಡಬೇಕು. ಅದೂ ಚರ್ಚಿನಲ್ಲಾಗಿದ್ದರೆ ಆ ಪುಸ್ತಕವನ್ನೂ ಕೇಳಿ. ಗುಡಿಯಲ್ಲಾಗಿದ್ದರೆ ಶಾಸ್ತ್ರ ಮಾಡಿಸಿದವರನ್ನು, ಕಣ್ಣಾರೆ ಕಂಡವರನ್ನು ಹುಡುಕಿ. ಆಕೆಯ ಪರವಾಗಿ ತಂದೆ, ತಾಯಿ, ಅಣ್ಣ, ತಮ್ಮ, ಅಕ್ಕ, ತಂಗಿ, ಮಗ, ಮಗಳು ಯಾರೂ ಕೋರ್ಟಿಗೆ ದೂರು ಕೊಡಬಹುದೆಂದು ಕಾನೂನೇ ಹೇಳುತ್ತದೆ. ಕಾಲೇಜು ಕಲಿತು ಒಂದು ಅರ್ಜಿ ಬರೆಯದ ತಮ್ಮ ಯಾತರ ತಮ್ಮ? ಸಭೆಯಲ್ಲಿ ಜೈಭೀಮ್ ಕೂಗಿ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಳ್ಳುವುದು ಸಾಕು. ಏಳಿ, ಅಕ್ಕನ ಜೊತೆ ನಡೆಯಿರಿ. ರಿಜಿಸ್ಟರು ತೆಗೆಸಿರಿ!