ನೀರು ಮುಗಿಯಿತು ಎನ್ನಬೇಡಿ, ಎಷ್ಟಿದೆ ಹೇಳಿ

ಬರ ಬಂದಾಗ ಪ್ರಳಯದ ಮಾತಾಡಬೇಡಿ, ಮನೆಮನೆಯ ಪಾಲು ಎಷ್ಟೆಂದು ಲೆಕ್ಕ ಕೊಡಿ ಎಂದಿದ್ದೆ. ಅದಕ್ಕೆ ಮೂರು ಆಕ್ಷೇಪಗಳು ಬಂದಿವೆ.

ಮೊದಲನೆಯದು: ದಕ್ಷಿಣ ಆಫ್ರಿಕಾದ ಕೇಪ್‌ಟೌನನ್ನು ಬರದಿಂದ ಉಳಿಸಿದ್ದೇ ‘ಡೇ ಝೀರೋ’, ಅಂದರೆ ನಲ್ಲಿಗಳು ಬಂದ್ ಆಗುವ ದಿನದ ಭಯ ಎನ್ನುತ್ತಾರೆ. ವರ್ಷಗಳನ್ನು ಜೋಡಿಸಿ ನೋಡಿ. 2015ರಲ್ಲಿ ಆ ನಗರ ದಿನಕ್ಕೆ ಸುಮಾರು 120 ಕೋಟಿ ಲೀಟರ್ ನೀರು ಬಳಸುತ್ತಿತ್ತು. ಆ ದಿನದ ಸುದ್ದಿ 2018ರ ಜನವರಿಯಲ್ಲಿ ಜಗತ್ತಿಗೆಲ್ಲ ಹರಡುವ ಹೊತ್ತಿಗೆ, ನಿರ್ಬಂಧ, ದರ ಏರಿಕೆಗಳಿಂದ ಬಳಕೆ ಆಗಲೇ ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಭಯಕ್ಕೂ ಪಾಲಿದೆ, ಒಪ್ಪುತ್ತೇನೆ. ಆದರೆ ಬರೀ ಭಯ ಜನರನ್ನು ಅಂಗಡಿಯ ಬಾಟಲಿ ನೀರಿಗೆ, ನಗರದ ನ್ಯೂಲ್ಯಾಂಡ್ಸ್ ಒರತೆಯ ಮುಂದಿನ ಸಾಲಿಗೆ ಓಡಿಸಿತು. ಏನು ಮಾಡಬೇಕೆಂದು ತಿಳಿಸಿದ್ದು ಫೆಬ್ರವರಿಯಿಂದ ಜಾರಿಯಾದ ‘ದಿನಕ್ಕೆ ತಲೆಗೆ 50 ಲೀಟರ್’ ಎಂಬ ಅಳತೆ. ಜನ ಷವರಿನ ಕೆಳಗೆ ಬಕೆಟ್ ಇಟ್ಟು, ಆ ನೀರನ್ನೇ ಕಕ್ಕಸಿಗೆ ಸುರಿದರು. ಮಿತಿಯೊಳಗೆ ಬಳಸಿದ ಮನೆಗಳಿಗೆ ನಗರಾಡಳಿತ ತನ್ನ ನಕ್ಷೆಯಲ್ಲಿ ಹಸಿರು ಚುಕ್ಕೆ ಇಟ್ಟಿತು. ಪಕ್ಕದ ಮನೆಯವರೂ ಉಳಿಸುತ್ತಿದ್ದಾರೆ ಎಂಬುದು ಕಣ್ಣಿಗೆ ಕಂಡಿತು. ನನ್ನ ವಾದದ ತಿರುಳು ಇದೇ: ನಾನೊಬ್ಬನೇ ಬಿಟ್ಟುಕೊಡುತ್ತಿಲ್ಲ ಎಂಬ ಖಾತ್ರಿ ಸಿಗದೆ ಯಾರೂ ಕೈಜೋಡಿಸುವುದಿಲ್ಲ.

ಪಾಲಿನ ಮಾತು ಸರ್ಕಾರದ ಹೊಣೆಯನ್ನು ಜನರ ತಲೆಗೆ ಕಟ್ಟುತ್ತದೆ ಎಂಬ ಎರಡನೇ ಆಕ್ಷೇಪದಲ್ಲಿ ತೂಕವಿದೆ. ಆದ್ದರಿಂದಲೇ ಲೆಕ್ಕ ಪೂರ್ತಿ ಇರಬೇಕು. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದರು. ದಂಡದ ಜೊತೆಗೇ ಕೊಳವೆಗಳಲ್ಲಿ ಸೋರಿದ್ದೆಷ್ಟು, ಯಾವ ಬಡಾವಣೆಗೆ ಹೋದದ್ದೆಷ್ಟು ಎಂಬುದೂ ವಾರ್ಡುವಾರು ಗೋಡೆಯ ಮೇಲೆ ಬರಲಿ. ಆಗ ಪ್ರಶ್ನೆ ಕೇಳುವ ಬಲ ಬರುವುದು ಜನರಿಗೇ.

ಜನ ಸ್ವಾರ್ಥಿಗಳು, ಲೆಕ್ಕ ಕೊಟ್ಟರೂ ಕೇಳರು ಎಂಬುದು ಕೊನೆಯ ಮಾತು. ಅದೇ ಕೇಪ್‌ಟೌನಿಗೆ ನೆರೆಯ ಗ್ರೋನ್‌ಲ್ಯಾಂಡ್ ಪ್ರದೇಶದ ರೈತರು ತಮ್ಮ ಅಣೆಕಟ್ಟೆಯಿಂದ ಸುಮಾರು 1,000 ಕೋಟಿ ಲೀಟರ್ ಬಿಟ್ಟುಕೊಟ್ಟರು. ಮಹಾರಾಷ್ಟ್ರದ ಹಿವರೆ ಬಜಾರ್ ಹಳ್ಳಿಯಲ್ಲಿ ಬೇಸಾಯಕ್ಕೆ ಬೋರ್‌ವೆಲ್ ಕೊರೆಯುವಂತಿಲ್ಲ. ಬಿದ್ದ ಮಳೆಯನ್ನು ಅಳೆದು, ಮೊದಲು ಕುಡಿಯುವ ನೀರನ್ನು ತೆಗೆದಿಟ್ಟು, ಉಳಿದದ್ದಕ್ಕೆ ಯಾವ ಬೆಳೆ ಎಂದು ಗ್ರಾಮಸಭೆ ತೀರ್ಮಾನಿಸುತ್ತದೆ. ಆದರೆ ಕೋಲಾರದ ರೈತನಿಗೆ ನಾವು ಹೇಳುತ್ತಾ ಬಂದಿರುವುದು ‘ಅಂತರ್ಜಲ ಮುಗಿಯಿತು’ ಎಂದಷ್ಟೇ. ಅದನ್ನು ಕೇಳಿದವನು ಪಕ್ಕದ ಹೊಲದವನಿಗಿಂತ ಮೊದಲೇ ಇನ್ನಷ್ಟು ಆಳಕ್ಕೆ ಕೊರೆಸುತ್ತಾನೆ. ಅವನ ದುರಾಸೆಯನ್ನು ದೂರುವ ಮೊದಲು, ಊರಿನ ನೆಲದಡಿ ಎಷ್ಟಿದೆ, ಅದರಲ್ಲಿ ಅವನ ಪಾಲೆಷ್ಟು ಎಂದು ನಾವು ಅವನಿಗೆ ಹೇಳಿದ್ದೇವೆಯೇ?